ಅಪ್ಪನ ಬೆನ್ನಿಗೊಂದು ಹಾಸಿಗೆ

ನಾನು ಮೂರನೇ ಕ್ಲಾಸಿನಲ್ಲಿದ್ದ ಕಾಲಕ್ಕೆ ಬಾಳೂರಿನ ಸುತ್ತಮುತ್ತ ಹಾಸಿಗೆಯನ್ನು ಅಂಗಡಿಯಿಂದ ಕೊಂಡು ತರುವವರು ಬಹಳ ಕಡಿಮೆ. ಹಪ್ಪಳ, ಉಪ್ಪಿನಕಾಯಿಯ ಹಾಗೆ ಹಾಸಿಗೆಯೂ ಮನೆಯಲ್ಲೇ ಆಗಬೇಕಾದ ವಸ್ತು. ಮದುವೆಗೆ ಒಂದು ಆಗುತ್ತಿತ್ತು, ಬಾಣಂತನಕ್ಕೆ ಒಂದು ಆಗುತ್ತಿತ್ತು. ಆಮೇಲೆ ಅದೇ ಹತ್ತಿಯನ್ನು ಬಿಚ್ಚಿ, ಹಿಂಜಿ, ಹೊಸ ಬಟ್ಟೆಗೆ ತುಂಬಿ ಮೂರು ತಲೆಮಾರು ಮಲಗಿ ಏಳುತ್ತಿತ್ತು. ಮಕ್ಕಳಿಗೆ ಮಾತ್ರ ಚಾಪೆ. ನೀವೂ ಚಾಪೆಯ ಮೇಲೆ ಬೆಳೆದವರಾದರೆ ಬೆಳಿಗ್ಗೆ ಕೆನ್ನೆಯ ಮೇಲೆ ಅದರ ಗೆರೆ ಮೂಡಿರುತ್ತಿದ್ದುದು ನೆನಪಿರಬಹುದು. ಯಾರ ಗೆರೆ ಎಷ್ಟು ಹೊತ್ತು ಉಳಿಯುತ್ತದೆ ಎಂದು ನಾವು ಶಾಲೆಯಲ್ಲಿ ಪಂದ್ಯ ಕಟ್ಟುತ್ತಿದ್ದೆವು. ಪ್ರಾರ್ಥನೆ ಮುಗಿಯುವ ತನಕ ಉಳಿಸಿಕೊಂಡವಳು ನಾನೊಬ್ಬಳೇ.

ಆ ವರ್ಷ ನವರಾತ್ರಿ ಮುಗಿದ ವಾರದಲ್ಲಿ ಅಪ್ಪ ಮರದಿಂದ ಬಿದ್ದ. ಮಳೆ ಹಿಂದಾದ ಮೇಲೆ ಕಾಫಿ ಗಿಡಗಳಿಗೆ ಬಿಸಿಲು ತಾಗಲಿ ಎಂದು ಮೇಲಿನ ನೆರಳಿನ ಮರಗಳ ಕೊಂಬೆ ಸವರುತ್ತಾರೆ, ಅದಕ್ಕೆ ನಮ್ಮಲ್ಲಿ ಮರಗಸಿ ಎನ್ನುತ್ತಾರೆ. ನಮ್ಮದು ಸಣ್ಣ ತೋಟ. ಅಪ್ಪನಿಗೆ ಮರ ಹತ್ತಲು ಇನ್ನೊಬ್ಬರನ್ನು ಕರೆದು ಅಭ್ಯಾಸವೇ ಇರಲಿಲ್ಲ. ಪಾಚಿ ಕಟ್ಟಿದ ಹಾಲುವಾಣದ ಮರದ ಕೊಂಬೆ ಕೈಯಲ್ಲೇ ಮುರಿದುಕೊಂಡು ಬಂತಂತೆ. ಜೀಪಿನಲ್ಲಿ ಹಲಗೆ ಹಾಕಿ ಮಲಗಿಸಿ ಚಾರ್ಮಾಡಿ ಘಾಟಿ ಇಳಿಸಿ ಮಂಗಳೂರಿಗೆ ಕರೆದೊಯ್ದರು. ಅಮ್ಮ ಜೊತೆಗೆ ಹೋದಳು. ನಾನು ಅಜ್ಜಿಯ ಸೆರಗು ಹಿಡಿದು ಮನೆಯಲ್ಲೇ ಉಳಿದೆ.

ಹದಿನೈದು ದಿನವಾದ ಮೇಲೆ ಚಿಕ್ಕಪ್ಪ ಒಬ್ಬನೇ ಬಂದ. ಅಪ್ಪನ ಒಬ್ಬನೇ ತಮ್ಮ ಅವನು, ಆಗಿನ್ನೂ ಮದುವೆಯಾಗಿರಲಿಲ್ಲ. ಚಪ್ಪಲಿ ಬಿಡುವ ಮೊದಲೇ ಡಾಕ್ಟರು ಹೇಳಿದ್ದನ್ನೆಲ್ಲ ಅಜ್ಜಿಗೆ ಒಪ್ಪಿಸಿದ. ಬೆನ್ನುಮೂಳೆಯಲ್ಲಿ ಬಿರುಕು. ಆಪರೇಷನ್ ಬೇಡ. ಮೂರು ತಿಂಗಳು ಅಂಗಾತ ಮಲಗಿರಬೇಕು. ಹಾಸಿಗೆ ಮೆತ್ತಗಿದ್ದರೆ ಬೆನ್ನು ಬಾಗುತ್ತದೆ, ಗಟ್ಟಿಯಿದ್ದರೆ ಮೈ ಹುಣ್ಣಾಗುತ್ತದೆ. ಎರಡೂ ಆಗಬಾರದು.

"ಬಾಗಿದ್ರೆ ಏನಾಗ್ತದಂತೆ?" ಅಜ್ಜಿ ಕೇಳಿದಳು.

"ಮೂಳೆ ಬಾಗೇ ಕೂಡ್ಕೊಂಡ್ರೆ ಮತ್ತೆ ನೆಟ್ಟಗೆ ನಿಲ್ಲೋ ಆಸೆ ಬಿಡ್ಬೇಕಂತೆ ಅವ್ವ."

ಅಜ್ಜಿ ಒಲೆಯ ಕಡೆ ತಿರುಗಿ ಕೊಳ್ಳಿಯನ್ನು ಒಳಗೆ ನೂಕಿದಳು. ಆಮೇಲೆ, "ಹಂಗಾದ್ರೆ ಹೋಗಿ ಹಾಸಿಗೆ ತಗಂಡ್ ಬಾ, ಅವನು ಬರೋದ್ರೊಳಗೆ," ಎಂದಳು. ಮೆತ್ತಗೂ ಇರಬಾರದು, ಗಟ್ಟಿಯೂ ಇರಬಾರದು ಎಂಬ ಆ ಮಾತು ನನಗೆ ಒಗಟಿನ ಹಾಗೆ ಕೇಳಿಸಿತು. ನನ್ನ ಅಪ್ಪ ಇನ್ನು ಮುಂದೆ ನಿಲ್ಲುವುದೋ ಮಲಗಿಯೇ ಇರುವುದೋ ಎನ್ನುವುದು ಒಂದು ಹಾಸಿಗೆಯ ಕೈಯಲ್ಲಿದೆ ಎಂದು ತಿಳಿದ ಮೇಲೆ ಅವತ್ತು ನನಗೆ ಊಟ ಸೇರಲಿಲ್ಲ.

ಚಿಕ್ಕಪ್ಪನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ತೂಕದ ಮನುಷ್ಯ. ಕಾಫಿ ಕೊಯ್ಲಿನ ದಿನಗಳಲ್ಲಿ ಸಂಜೆ ಆಳುಗಳು ಕೊಯ್ದು ತಂದ ಹಣ್ಣನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುವುದು ಅವನ ಕೆಲಸ. ಕೆಲಸ ಹೋಗಿ ಚಟವಾಗಿತ್ತು. ಹಲಸಿನ ಹಣ್ಣು ತೂಗುತ್ತಿದ್ದ, ಹುಟ್ಟಿದ ಕರು ತೂಗುತ್ತಿದ್ದ, ವರ್ಷಕ್ಕೊಮ್ಮೆ ನನ್ನನ್ನು ಗೋಣಿಚೀಲದಲ್ಲಿ ಕೂರಿಸಿ ತೂಗುತ್ತಿದ್ದ. ಮಕ್ಕಳಾದ ನಮಗೂ ಅದೇ ಆಟ. ಆಳುಗಳ ಲೈನುಮನೆಯ ಮಕ್ಕಳೂ ನಾನೂ ಸರದಿಯಲ್ಲಿ ಕೊಕ್ಕೆಗೆ ಜೋತುಬಿದ್ದು, ಯಾರು ಮಾಲು, ಯಾರು ಜೊಳ್ಳು ಎಂದು ಕೂಗಿಕೊಳ್ಳುತ್ತಿದ್ದೆವು. ಕಾಫಿಯಲ್ಲಿ ಹಗುರ ಎಂದರೆ ಜೊಳ್ಳು, ನೀರಿಗೆ ಹಾಕಿದರೆ ತೇಲುವಂಥದ್ದು, ಭಾರ ಎಂದರೆ ಮಾಲು. ಚಿಕ್ಕಪ್ಪ ಪ್ರಪಂಚವನ್ನೆಲ್ಲ ಈ ಲೆಕ್ಕದಲ್ಲೇ ನೋಡುತ್ತಿದ್ದ. ಬಾಯಿ ಬಿಟ್ಟರೆ "ತೂಕ ಸುಳ್ಳು ಹೇಳಲ್ಲ" ಎನ್ನುತ್ತಿದ್ದ.

ಹಾಗಾಗಿ ಮರುದಿನ ಕಳಸಕ್ಕೆ ಹೊರಟಾಗ ಅವನ ಹೆಗಲ ಮೇಲೆ ಕೊಕ್ಕೆ ತಕ್ಕಡಿ ಇದ್ದದ್ದು ನಮಗ್ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನಾನು ಅತ್ತೂ ಕರೆದೂ ಜೀಪು ಹತ್ತಿದೆ.

ಕಳಸದ ಪೇಟೆಯಲ್ಲಿ ಹಾಸಿಗೆ ಸಿಗುತ್ತಿದ್ದ ಅಂಗಡಿಯ ಮುಂಭಾಗದಲ್ಲಿ ಪ್ಲಾಸ್ಟಿಕ್ ಕೊಡ, ಬಕೆಟ್ಟು, ಛತ್ರಿಗಳು ನೇತಾಡುತ್ತಿದ್ದವು. ಹಾಸಿಗೆಗಳು ಹಿಂದಿನ ಕತ್ತಲೆ ಕೋಣೆಯಲ್ಲಿದ್ದವು. ಯಜಮಾನರು ಹಣೆಗೆ ವಿಭೂತಿ ಹಚ್ಚಿಕೊಂಡ, ನಿಧಾನ ಮಾತಿನ ಹಿರಿಯರು.

"ಯಾರಿಗೆ ಬೇಕಿತ್ತು?"

"ನಮ್ಮಣ್ಣಂಗೆ. ಮರದಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿದೆ. ಮೆತ್ತಗೂ ಇರ್ಬಾರ್ದು, ಗಟ್ಟಿಯೂ ಇರ್ಬಾರ್ದು. ಬಾಳಿಕೆನೂ ಬರ್ಬೇಕು."

"ಅಂಥದ್ದು ಸಿಕ್ಕಿದ್ರೆ ನನಗೂ ಒಂದು ಹೇಳಿ," ಎಂದು ನಕ್ಕು, ಮೂರು ಹಾಸಿಗೆಗಳನ್ನು ಹೊರಗೆ ಎಳೆಸಿದರು. ಒಂದು ತೆಂಗಿನ ನಾರಿನದು, ಒಂದು ಸ್ಪಂಜಿನದು, ಒಂದು ಹತ್ತಿಯದು.

ಸ್ಪಂಜಿನ ಹಾಸಿಗೆಯನ್ನು ನಾನು ನೋಡಿದ್ದು ಅದೇ ಮೊದಲು. ಕುದುರೆಮುಖದ ಕಂಪನಿ ಕ್ವಾರ್ಟರ್ಸಿನಲ್ಲಿ ಎಲ್ಲರೂ ಇಂಥದ್ದರ ಮೇಲೇ ಮಲಗುತ್ತಾರಂತೆ ಎಂದು ಕೇಳಿದ್ದೆ ಅಷ್ಟೇ. ಅಂಗೈ ಒತ್ತಿದೆ. ಕೈ ಒಳಗೆ ಹೋಯಿತು. ತೆಗೆದರೆ ನನ್ನ ಐದು ಬೆರಳಿನ ಅಚ್ಚು ಮೆಲ್ಲಗೆ ಮೇಲೆದ್ದು ಮಾಯವಾಯಿತು. ಮತ್ತೆ ಒತ್ತಿದೆ, ಮತ್ತೆ ಮಾಯ. ಏನು ಮಾಡಿದರೂ ನೆನಪಿಟ್ಟುಕೊಳ್ಳದ ವಸ್ತು ಅದು. ನನಗೆ ಸಂತೋಷವೂ ಹೆದರಿಕೆಯೂ ಒಟ್ಟಿಗೇ ಆಯಿತು.

ಅಷ್ಟರಲ್ಲಿ ಚಿಕ್ಕಪ್ಪ ಅಂಗಡಿಯ ಬಾಗಿಲ ಜಂತಿಗೆ ತಕ್ಕಡಿ ಕಟ್ಟಿ ಆಗಿತ್ತು. ಒಂದೊಂದೇ ಹಾಸಿಗೆಯನ್ನು ಸುರುಳಿ ಸುತ್ತಿ, ಹಗ್ಗ ಬಿಗಿದು, ಕೊಕ್ಕೆಗೆ ಏರಿಸಿದ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಬಂದು ಸುತ್ತ ನಿಂತರು. ಸ್ಪಂಜು ಮೂರು ಕಿಲೋ. "ಜೊಳ್ಳು," ಎಂದು ಕೆಳಗಿಳಿಸಿದ. ನಾರಿನದು ಒಂಬತ್ತು. ಹತ್ತಿಯದು ಇಪ್ಪತ್ತೆರಡು. ಜನ ಹೋ ಎಂದರು. ನಾನೂ ಚಪ್ಪಾಳೆ ತಟ್ಟಿದೆ.

"ನೋಡಿ ಗೌಡ್ರೆ," ಎಂದರು ಯಜಮಾನರು, "ಹತ್ತಿ ಹಾಸಿಗೆ ನಾಲ್ಕು ತಿಂಗಳು ಮಳೇಲಿ ಒಳಗೇ ಇತ್ತು. ನೀರು ಕುಡ್ದಿರ್ತದೆ. ಹದಿನೈದು ದಿನ ಬಿಟ್ಟು ಬನ್ನಿ, ಬಿಸಿಲು ಕಾಣಿಸಿ ಕೊಡ್ತೀನಿ."

"ಅಣ್ಣ ನಾಡಿದ್ದು ಬರ್ತಾನೆ ಮಾರಾಯ್ರೆ. ತೂಕ ಇದೆಯಲ್ಲ, ಸಾಕು."

ಮನೆಗೆ ತಂದು ಮಂಚದ ಮೇಲೆ ಹಾಸಿದೆವು. ಅಜ್ಜಿ ಮುಷ್ಟಿಯಿಂದ ಗುದ್ದಿ ನೋಡಿ ತಲೆಯಾಡಿಸಿದಳು. ಅಪ್ಪನನ್ನು ಕರೆತಂದ ದಿನ ಅಮ್ಮ ಹಾಸಿಗೆಯ ಮೇಲೆ ಬಗ್ಗಿ ಮೂಸಿ, "ಇದ್ಯಾಕೋ ಮುಗ್ಗಲು ವಾಸನೆ ಬರ್ತದೆ," ಎಂದಳು. ಚಿಕ್ಕಪ್ಪ, "ಅತ್ತಿಗೆ, ಇಪ್ಪತ್ತೆರಡು ಕಿಲೋ!" ಎಂದ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಅಮ್ಮನ ಮಾತು ಸಾಮಾನ್ಯವಾಗಿ ಹೀಗೆಯೇ ಮುಗಿಯುತ್ತಿತ್ತು.

ಮೊದಲ ವಾರ ಚೆನ್ನಾಗಿಯೇ ಇತ್ತು. ಅಪ್ಪ ಸೂರು ನೋಡುತ್ತ ಮಲಗಿರುತ್ತಿದ್ದ. ನಾನು ಶಾಲೆಯಿಂದ ಬಂದು ಮಂಚದ ಪಕ್ಕ ಕೂತು ಮಗ್ಗಿ ಒಪ್ಪಿಸುತ್ತಿದ್ದೆ. ಎರಡನೇ ವಾರ ಮೈಯ ಶಾಖಕ್ಕೆ ಹಾಸಿಗೆಯ ಒಳಗಿನ ತೇವ ಎದ್ದಿತು. ಹತ್ತಿ ಗಂಟುಗಂಟಾಗತೊಡಗಿತು. ಸೊಂಟದ ಕೆಳಗೆ ಹಳ್ಳ ಬಿತ್ತು, ಬೆನ್ನಿನ ಕೆಳಗೆ ಬೆಣಚುಕಲ್ಲಿನಂಥ ಉಂಡೆಗಳು ಎದ್ದವು. ಅಮ್ಮ ಪಕ್ಕಕ್ಕೆ ಮಡಿಸಿದ ಬಟ್ಟೆ ಸೇರಿಸಿದಳು, ಹೊಟ್ಟಿನ ದಿಂಬು ಇಟ್ಟಳು, ದಿನಕ್ಕೆ ನಾಲ್ಕು ಸಲ ಬೆನ್ನೊರೆಸಿ ಪೌಡರು ಹಾಕಿದಳು. ವಾರಕ್ಕೊಮ್ಮೆ ಬರುತ್ತಿದ್ದ ನರ್ಸಮ್ಮ ಬೆನ್ನು ನೋಡಿ ಮುಖ ಗಂಟಿಕ್ಕಿದರು.

"ಇಲ್ಲಿ ಕೆಂಪಾಗಿದೆ ನೋಡಿ. ಇದು ಒಡೆದ್ರೆ ಕಷ್ಟ. ಸೊಂಟನೂ ಕೆಳಗೆ ಹೋಗಿದೆ. ಹಿಂಗೇ ಬಿಟ್ರೆ ಡಾಕ್ಟರು ಹೇಳಿದ್ದೇ ಆಗೋದು."

ಅವತ್ತು ಮಧ್ಯಾಹ್ನ ನಾನು ಒಳಗೆ ಹೋದಾಗ ಅಪ್ಪ ಅಳುತ್ತಿದ್ದ. ಕಣ್ಣೀರು ಎರಡೂ ಕಡೆಯಿಂದ ಕಿವಿಯೊಳಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಎತ್ತಿದರೂ ಬೆನ್ನು ಎಳೆಯುತ್ತಿತ್ತೇನೋ, ಹಾಗೇ ಬಿಟ್ಟಿದ್ದ. ನನ್ನನ್ನು ಕಂಡು, "ಹತ್ತಿ ಧೂಳು ಕಣೇ," ಎಂದ. ನಾನು ಹೊರಗೆ ಓಡಿಹೋಗಿ ಬಚ್ಚಲ ಒಲೆಯ ಹಿಂದೆ ಕೂತು ಅತ್ತೆ. ಅಪ್ಪ ಅಳುವುದು ಸಾಧ್ಯವಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಮರುದಿನ ಅಪ್ಪನನ್ನು ಹಲಗೆಯ ಮೇಲೆ ಕಂಬಳಿ ಹಾಸಿ ಮಲಗಿಸಿ, ಹಾಸಿಗೆಯನ್ನು ಹೊರಗೆ ಹಾಕಿದೆವು. ಮೂರು ದಿನ ಸುಡುವ ಬಿಸಿಲು. ನಾಲ್ಕನೇ ದಿನ ಚಿಕ್ಕಪ್ಪ ಯಾರಿಗೂ ಹೇಳದೆ ಅದನ್ನು ಮತ್ತೆ ತಕ್ಕಡಿಗೆ ಏರಿಸಿದ. ಹದಿನೈದು ಕಿಲೋ. ಅವನು ಕಣದ ಕಟ್ಟೆಯ ಮೇಲೆ ಕುಸಿದು ಕೂತ.

"ಅವ್ವ, ಏಳು ಕಿಲೋ ನೀರಿನ ಮೇಲೆ ಅಣ್ಣನ್ನ ಮಲಗಿಸಿದ್ನಲ್ಲೇ."

ಹಸಿ ಹಣ್ಣು ಎಷ್ಟು ತಂದರೆ ಒಣಗಿ ಎಷ್ಟು ಉಳಿಯುತ್ತದೆ ಎಂದು ಸುತ್ತಲ ತೋಟದವರಿಗೆಲ್ಲ ಬಾಯಲ್ಲೇ ಲೆಕ್ಕ ಹೇಳುವವನು ಅವನು. ಅಜ್ಜಿ ಬಿಡುತ್ತಾಳೆಯೇ? "ಊರಿಗೆಲ್ಲ ಶಕುನ ಹೇಳೋ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ," ಎಂದಳು. ಆಮೇಲೆ ಅವನ ಮುಖ ನೋಡಿ ಪಾಪ ಎನಿಸಿತೋ ಏನೋ, "ಏಳು, ಅಳೋದು ಆಮೇಲೆ. ಇಮಾಮ್ ಸಾಬ್ರು ಎಲ್ಲಿದಾರೆ ಹುಡುಕು," ಎಂದಳು.

ಇಮಾಮ್ ಸಾಬರು ಕಡೂರಿನ ಕಡೆಯಿಂದ ವರ್ಷವೂ ಮಳೆ ಮುಗಿದ ಮೇಲೆ ಘಟ್ಟ ಹತ್ತಿ ಬರುತ್ತಿದ್ದ ಹಾಸಿಗೆ ಕೆಲಸದವರು. ಹೆಗಲ ಮೇಲೆ ಹತ್ತಿ ಹಿಂಜುವ ಉದ್ದನೆಯ ಬಿಲ್ಲು, ಕೈಯಲ್ಲಿ ಮರದ ಕೊಡತಿ. ಎಸ್ಟೇಟುಗಳಲ್ಲಿ ಕೆಲಸ ಮುಗಿಸಿಕೊಂಡು ನಮ್ಮಂಥ ಸಣ್ಣ ಮನೆಗಳಿಗೆ ಬರುವಾಗ ಸಂಕ್ರಾಂತಿ ದಾಟುತ್ತಿತ್ತು. ಆ ಸಲ ಚಿಕ್ಕಪ್ಪ ಜೀಪು ಮಾಡಿಕೊಂಡು ಎಸ್ಟೇಟಿನಿಂದ ಎಸ್ಟೇಟಿಗೆ ಕೇಳುತ್ತ ಹೋಗಿ, ಸಂಜೆಯ ಹೊತ್ತಿಗೆ ಅವರನ್ನು ಬಿಲ್ಲಿನ ಸಮೇತ ಕರೆತಂದ. ಬಿಲ್ಲು ಜೀಪಿನ ಒಳಗೆ ಹಿಡಿಸದೆ ಹಿಂದಕ್ಕೆ ಚಾಚಿಕೊಂಡಿತ್ತು.

ಸಾಬರು ಬಂದವರೇ ಹಾಸಿಗೆಯ ಹತ್ತಿರ ಹೋಗಲಿಲ್ಲ. ಮೊದಲು ಅಪ್ಪನ ಕೋಣೆಗೆ ಹೋಗಿ, ಹಲಗೆಯ ಪಕ್ಕ ನೆಲದ ಮೇಲೆ ಕೂತರು.

"ಎಲ್ಲಿ ನೋಯ್ತೈತೆ ಗೌಡ್ರೆ?"

"ಎಲ್ಲ ಕಡೆನೂ ನೋಯ್ತದೆ ಸಾಬ್ರೆ."

"ಎಲ್ಲ ಕಡೆ ನೋಯಾಕಿಲ್ಲ. ಒಂದು ಕಡೆ ನೋಯ್ತೈತೆ, ಮಿಕ್ಕಿದ್ದು ಅದರ ಜತೆ ಅಳ್ತೈತೆ. ಎಲ್ಲಿ ಹೇಳ್ರಿ."

ಅಪ್ಪ ಹೇಳಿದ. ಅವರು ಕಿವಿಗೊಟ್ಟು ಕೇಳಿದರು. ಆಮೇಲೆ ಹೊರಗೆ ಬಂದು ಹಾಸಿಗೆಯ ಹೊಲಿಗೆ ಬಿಚ್ಚಿ ಕೈ ತೂರಿಸಿ ಒಂದು ಹಿಡಿ ತೆಗೆದರು. ಬೂದುಬಣ್ಣದ ಉಂಡೆ, ನಡುವೆ ಬಟ್ಟೆಯ ಚೂರು, ಹತ್ತಿಬೀಜದ ಸಿಪ್ಪೆ. ಚಿಕ್ಕಪ್ಪ ತಲೆ ತಗ್ಗಿಸಿ ತೂಕದ ಕಥೆಯನ್ನೆಲ್ಲ ಒಪ್ಪಿಕೊಂಡ. ಸಾಬರು ನಗಲಿಲ್ಲ. "ಹತ್ತೀನ ತೂಕ ಮಾಡಿ ಮಾರ್ತಾರೆ ಗೌಡ್ರೆ, ತೂಕ ಮಾಡಿ ಮಲಗಾಕಿಲ್ಲ," ಎಂದರು ಅಷ್ಟೇ.

ಅದರಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ ಎಂದು ಪಕ್ಕಕ್ಕೆ ಹಾಕಿದರು. ಉಳಿದದ್ದಕ್ಕೆ ಎಳೆ ಉದ್ದವಿರುವ ಒಳ್ಳೆಯ ಹಳೆಯ ಹತ್ತಿ ಬೇಕು ಎಂದರು. ಅಟ್ಟದಲ್ಲಿ ಅಜ್ಜಿ ಕೂಡಿಟ್ಟಿದ್ದ ಬೂರುಗದ ಹತ್ತಿಯ ಚೀಲ ತೋರಿಸಿದರೆ, "ಇದು ದಿಂಬಿಗೆ. ಬೆನ್ನಿಗೆ ಇದನ್ನ ಕೊಟ್ರೆ ಗೌಡ್ರು ಮುಳುಗೋಗ್ತಾರೆ," ಎಂದರು. ಆಗ ಅಮ್ಮ ಒಳಗೆ ಹೋಗಿ ತನ್ನ ಹಾಸಿಗೆಯನ್ನು ಎಳೆದುಕೊಂಡು ಬಂದಳು. ಅವಳ ತವರಿನಲ್ಲಿ ಮದುವೆಗೆಂದು ಮಾಡಿಸಿಕೊಟ್ಟಿದ್ದು ಅದು. ಸಾಬರು ಅದರ ಮೂಲೆ ಬಿಚ್ಚಿ, ಎಳೆ ಹಿಡಿದು ಜಗ್ಗಿ, "ಇದು ಹತ್ತಿ," ಎಂದರು. ಅಮ್ಮನಿಗೆ ಅವತ್ತು ಹೊಗಳಿಕೆ ಸಿಕ್ಕಿದ್ದು ಅದೊಂದೇ. ಅದೂ ಅವಳ ಹತ್ತಿಗೆ.

ಎರಡೂ ಹಾಸಿಗೆಯ ಹತ್ತಿಯನ್ನು ಬಿಚ್ಚಿ ಹರವಿ ಬಿಸಿಲಿಗೆ ಹಾಕಬೇಕಲ್ಲ, ಜಾಗ ಎಲ್ಲಿ? ಕೊಯ್ಲು ಶುರುವಾಗಿತ್ತು. ಕಣದ ತುಂಬ ಕಾಫಿ ಹರವಿಕೊಂಡಿತ್ತು, ಗೋಡೌನಿನ ಬಾಗಿಲಲ್ಲಿ ಇನ್ನಷ್ಟು ಹಣ್ಣು ಕಾಯುತ್ತಿತ್ತು. ಅಜ್ಜಿ ಆಳುಗಳನ್ನು ಕರೆದು ಅರ್ಧ ಕಣದ ಕಾಫಿ ಬಳಿದು ರಾಶಿ ಮಾಡಲು ಹೇಳಿದಳು. ಚಿಕ್ಕಪ್ಪ ತಡೆಯಲಾರದೆ, "ಅವ್ವ, ರಾಶಿ ಹಾಕಿದ್ರೆ ಹಣ್ಣು ಬಿಸಿಯಾಗಿ ಹಾಳಾಗ್ತದೆ," ಎಂದ.

"ಆಗ್ಲಿ. ಕಾಫಿ ಬರೋ ವರ್ಷನೂ ಆಗ್ತದೆ. ಮಗ ಆಗ್ತಾನಾ?"

ಕಾಫಿಯ ಕಣದಲ್ಲಿ ಹತ್ತಿ ಒಣಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಒಂದು ಕಡೆ ಕೆಂಪು, ಕಪ್ಪು, ಇನ್ನೊಂದು ಕಡೆ ಬಿಳಿ. ಮಧ್ಯೆ ಅಜ್ಜಿ ಕೋಲು ಹಿಡಿದು ಕೋಳಿ ಓಡಿಸುತ್ತ ಕೂತಿದ್ದಳು. ರಾಶಿ ಹಾಕಿದ ಹಣ್ಣಿನ ಹುಳಿವಾಸನೆಯೂ ಬಿಸಿಲು ಕುಡಿದ ಹತ್ತಿಯ ಬಿಸಿವಾಸನೆಯೂ ಸೇರಿ ಮನೆಯೆಲ್ಲ ತುಂಬಿತ್ತು.

ಮೂರನೇ ದಿನ ಗೋಡೌನಿನಲ್ಲಿ ಬಿಲ್ಲು ಏರಿತು. ಅದು ನನಗಿಂತ ಉದ್ದ. ಸಾಬರು ಅದನ್ನು ತೊಲೆಗೆ ಹಗ್ಗದಿಂದ ತೂಗುಹಾಕಿ, ಕರುಳಿನ ತಂತಿಯನ್ನು ಬಿಗಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಒಂದು ಪುಟ್ಟ ಗುಡ್ಡೆ ಹತ್ತಿಯ ಮೇಲೆ ತಂತಿ ತಾಗುವಂತೆ ಹಿಡಿದು ಕೊಡತಿಯಿಂದ ಹೊಡೆದರು. ಧಬ್ ಎಂದು ಸತ್ತ ಸದ್ದು ಬಂತು. ಮತ್ತೆ ಹೊಡೆದರು, ಮತ್ತೆ ಧಬ್. ನನಗೆ ನಿರಾಸೆಯಾಯಿತು. ಹತ್ತು, ಇಪ್ಪತ್ತು ಏಟು ಬಿದ್ದಿರಬೇಕು. ಸದ್ದು ನಿಧಾನವಾಗಿ ಬಿಚ್ಚಿಕೊಳ್ಳತೊಡಗಿತು. ಧಬ್ ಹೋಗಿ ಧಂ ಆಯಿತು, ಧಂ ಹೋಗಿ ಟಂಯ್ ಎಂದು ಗೋಡೌನಿನ ತಗಡಿನ ಮಾಡೆಲ್ಲ ಮಿಡಿಯಿತು. ನನ್ನ ಹಲ್ಲುಗಳಲ್ಲಿ ಅದು ನಡುಗಿದ್ದು ಇಂದಿಗೂ ನೆನಪಿದೆ. ಗಂಟುಗಳು ತಂತಿಗೆ ಸಿಕ್ಕಿ ಸಿಡಿದು, ಎಳೆಎಳೆಯಾಗಿ ಮೇಲೆ ಹಾರಿ, ಗಾಳಿಯಲ್ಲಿ ಒಂದು ಕ್ಷಣ ನಿಂತು ಇಳಿಯುತ್ತಿದ್ದವು. ಬುಟ್ಟಿಯಷ್ಟಿದ್ದ ಗುಡ್ಡೆ ಸಾಬರ ಮೊಣಕಾಲಿನವರೆಗೆ ಬಂತು, ಸೊಂಟಕ್ಕೆ ಬಂತು. ಅಷ್ಟೇ ಹತ್ತಿ. ಒಂದು ಎಳೆಯನ್ನೂ ಹೊರಗಿನಿಂದ ಸೇರಿಸಿರಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತು ಬಾಯಿತುಂಬ ಹತ್ತಿ ತುಂಬಿಸಿಕೊಂಡೆ. ಕೊಯ್ಲಿನ ಹೆಂಗಸರು ಬುಟ್ಟಿ ಕೆಳಗಿಟ್ಟು ಬಾಗಿಲಲ್ಲಿ ನಿಂತರು. ಅವರನ್ನು ಗದರಿಸಬೇಕಾದ ಚಿಕ್ಕಪ್ಪ ಅವರಿಗಿಂತ ಮುಂದೆ ನಿಂತಿದ್ದ.

ಒಳಕೋಣೆಯಿಂದ ಅಪ್ಪ ಕೂಗಿದ. "ಸಾಬ್ರೆ, ಆಯ್ತಾ?"

"ಇಲ್ಲ ಗೌಡ್ರೆ, ಇನ್ನೂ ಒಳಗೆ ಕಸ ಐತೆ. ಕೇಳಿಸ್ತಿಲ್ವಾ?"

ಕೇಳಿಸುವುದೆಂದರೇನು ಎಂದು ನಮಗೆ ಆಗ ಅರ್ಥವಾಯಿತು. ಅವರು ಹತ್ತಿಯನ್ನು ನೋಡುತ್ತಲೇ ಇರಲಿಲ್ಲ. ಅರ್ಧ ಕಣ್ಣು ಮುಚ್ಚಿ ತಂತಿಯ ದನಿಯನ್ನು ಕೇಳುತ್ತಿದ್ದರು. ಎಲ್ಲೋ ಒಂದು ಗಂಟು ಉಳಿದಿದ್ದರೆ ದನಿ ಒಂದಿಷ್ಟು ಮಂಕಾಗುತ್ತಿತ್ತು. ಅಲ್ಲಿಗೆ ಕೈ ಹಾಕಿ ಆ ಗಂಟನ್ನೇ ಹೆಕ್ಕಿ ತೆಗೆಯುತ್ತಿದ್ದರು. ಹಲಗೆಯ ಮೇಲೆ ಅಂಗಾತ ಮಲಗಿದ್ದ ಅಪ್ಪನಿಗೂ ಬೇರೆ ಕೆಲಸವಿರಲಿಲ್ಲ, ಅವನೂ ಕೇಳುತ್ತ ಮಲಗಿದ. ಹಿಂಜಲು ತೊಡಗಿದ ಎರಡನೇ ದಿನ ಮಧ್ಯಾಹ್ನ ಯಾರೂ ಕೇಳದೆ ಅವನೇ ಒಳಗಿನಿಂದ, "ಈಗ ಆಯ್ತು ಸಾಬ್ರೆ!" ಎಂದು ಕೂಗಿದ. ಸಾಬರು ಕೊಡತಿ ಕೆಳಗಿಟ್ಟು, ಹುಬ್ಬಿನ ಮೇಲಿನ ಹತ್ತಿ ಒರೆಸಿಕೊಂಡು, ನಮ್ಮ ಕಡೆ ತಿರುಗಿ ನಕ್ಕರು.

"ಗೌಡ್ರ ಕಿವಿ ಎದ್ದು ಕೂತೈತೆ. ಇನ್ನು ಬೆನ್ನೂ ಏಳ್ತೈತೆ ಬಿಡ್ರಿ."

ತಿಂಗಳಾದ ಮೇಲೆ ಮೊದಲ ಬಾರಿಗೆ ಅಪ್ಪನ ದನಿಯಲ್ಲಿ ಹುರುಪು ಕೇಳಿ ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಅವಳೂ ಹತ್ತಿ ಧೂಳು ಎಂದೇ ಹೇಳಿದಳು.

ಆದರೆ ನಾನು ನಿಜವಾಗಿ ಬೆರಗಾದದ್ದು ಆಮೇಲೆ. ಪಟ್ಟೆಪಟ್ಟೆಯ ಹೊಸ ಬಟ್ಟೆಯನ್ನು ಜಗಲಿಯ ಮೇಲೆ ಹಾಸಿ ಸಾಬರು ಹತ್ತಿಯನ್ನು ಪದರಪದರವಾಗಿ ಹರಡಿದರು. ಮೇಲೊಂದು ಪಂಚೆ ಹೊದಿಸಿದರು. ಇನ್ನು ಹೊಲಿಯುತ್ತಾರೆ ಎಂದುಕೊಂಡರೆ, "ಗೌಡ್ರನ್ನ ಕರ್ಕಂಡು ಬರ್ರಿ," ಎಂದರು. ನಾಲ್ಕು ಜನ ಕಂಬಳಿಯ ನಾಲ್ಕು ಮೂಲೆ ಹಿಡಿದು, ಕಂಬಳಿ ಸಡಿಲವಾಗದಂತೆ ಎಳೆದುಕೊಂಡು, ಅಪ್ಪನನ್ನು ತಂದು ಅದರ ಮೇಲೆ ಇಳಿಸಿದರು.

"ಒಂದು ಲೋಟ ಕಾಫಿ ಕುಡಿಯೋಷ್ಟು ಹೊತ್ತು ಅಲ್ಲಾಡಬ್ಯಾಡ್ರಿ."

ಅಮ್ಮ ಬೆಲ್ಲದ ಕಾಫಿ ತಂದುಕೊಟ್ಟಳು. ಸಾಬರು ಒಂದೊಂದೇ ಗುಟುಕು ಕುಡಿದರು. ಕುಡಿದಾದ ಮೇಲೆ ಅಪ್ಪನನ್ನು ಹಾಗೇ ಮೇಲೆತ್ತಿಸಿ, ಪಂಚೆ ಸರಿಸಿ, ತಾವು ನೆಲದ ಮೇಲೆ ಬೋರಲು ಮಲಗಿ, ಕಣ್ಣನ್ನು ಹತ್ತಿಯ ಮಟ್ಟಕ್ಕೆ ತಂದು ನೋಡಿದರು. ನಾನೂ ಅವರ ಪಕ್ಕ ಬೋರಲು ಮಲಗಿ ನೋಡಿದೆ. ಹತ್ತಿಯಲ್ಲಿ ನನ್ನ ಅಪ್ಪ ಇದ್ದ. ತಲೆಯ ಗುಂಡಿ, ಅಗಲವಾದ ಹೆಗಲು, ಸೊಂಟದ ಕೆಳಗೆ ಆಳವಾದ ತಗ್ಗು, ಹಿಮ್ಮಡಿಯ ಎರಡು ಚುಕ್ಕೆ. ಹೆಗಲಿಗೂ ಸೊಂಟಕ್ಕೂ ನಡುವೆ ಬೆನ್ನು ಒತ್ತಿದರೂ ತಗ್ಗದ ಸಣ್ಣ ದಿಬ್ಬ.

"ನೋಡು ಮಗಾ, ಇಲ್ಲಿ ನಿಮ್ಮಪ್ಪನ ಭಾರ ಬೀಳ್ತೈತೆ," ಎಂದು ಪಿಸುಮಾತಿನಲ್ಲಿ ತೋರಿಸಿದರು. "ಇಲ್ಲಿ ಹತ್ತಿ ಕೇಳ್ತೈತೆ. ಇಲ್ಲಿ ಬ್ಯಾಡ ಅಂತೈತೆ."

ತಗ್ಗಿದ್ದ ಕಡೆ ಒತ್ತಾಗಿ ಪದರ ಹಾಕಿದರು, ದಿಬ್ಬದಿಂದ ಚಿಟಿಕೆ ಚಿಟಿಕೆ ತೆಗೆದರು. ಮತ್ತೆ ಅಪ್ಪನನ್ನು ಮಲಗಿಸಿದರು, ಮತ್ತೆ ಕಾಫಿ, ಮತ್ತೆ ಬೋರಲು ಮಲಗಿ ನೋಡಿದರು. ಮೂರನೇ ಸಲ ಎತ್ತಿದಾಗ ತಗ್ಗೂ ದಿಬ್ಬವೂ ಹೋಗಿ, ಹೆಗಲಿನಿಂದ ಹಿಮ್ಮಡಿಯವರೆಗೆ ಒಂದೇ ಸಮನಾದ ಅಚ್ಚು ಬಿದ್ದಿತ್ತು. ಆಗ ಹೊಲಿದರು. ಉದ್ದನೆಯ ದಬ್ಬಳ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹಾಯಿಸಿ, ಹತ್ತಿ ಜಾರದಂತೆ ಗೇಣಿಗೊಂದು ಟಾಕು ಹಾಕಿದರು. ಎಸ್‌ಎಸ್‌ಎಲ್‌ಸಿ ಓದಿದ ಚಿಕ್ಕಪ್ಪ ದಬ್ಬಳಕ್ಕೆ ದಾರ ಪೋಣಿಸಿಕೊಡುತ್ತ ಕೂತಿದ್ದ. ತೂಗಲು ಹೋಗಲಿಲ್ಲ.

ಹೊರಡುವ ಮುನ್ನ ಸಾಬರು, "ವರ್ಷಕ್ಕೊಂದ್ಸಲ ಬಿಚ್ಚಿ ಹಿಂಜಬೇಕು. ಹಂಗೆ ಮಾಡಿದ್ರೆ ಇದು ನನಗಿಂತ ಜಾಸ್ತಿ ಬಾಳ್ತೈತೆ," ಎಂದರು.

ಬೆನ್ನಿನ ಕೆಂಪು ವಾರದಲ್ಲಿ ಮಾಸಿತು. ಸಂಕ್ರಾಂತಿ ಕಳೆದು ಕೆಲವು ದಿನಗಳಿಗೆ ಮಂಗಳೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ನೆಟ್ಟಗೆ ಕೂಡಿದೆ ಎಂದರು. ಅಪ್ಪ ಎದ್ದು ನಿಂತ ಬೆಳಿಗ್ಗೆ ನಾನು ಶಾಲೆಗೆ ಹೋಗಲಿಲ್ಲ. ಒಂದು ಕೈ ಚಿಕ್ಕಪ್ಪನ ಹೆಗಲ ಮೇಲೆ, ಇನ್ನೊಂದು ಬಾಗಿಲ ಚೌಕಟ್ಟಿನ ಮೇಲೆ. ಕಾಲು ನಡುಗುತ್ತಿತ್ತು, ಬೆನ್ನು ನಡುಗಲಿಲ್ಲ. ಕಣದವರೆಗೆ ನಡೆದು ಹೋಗಿ, ಒಂದು ಕಾಳು ಹೆಕ್ಕಿ ಕಚ್ಚಿ ನೋಡಿ, "ಇನ್ನೊಂದು ಬಿಸಿಲು ಬೇಕು," ಎಂದ. ಅವನು ಇಷ್ಟು ಎತ್ತರ ಇದ್ದನೇ ಎಂದು ನಾನು ಕತ್ತೆತ್ತಿ ನೋಡಿದೆ. ಅಷ್ಟು ಎತ್ತರದ ಮನುಷ್ಯನನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಅಪ್ಪ ಆಮೇಲೆ ಇಪ್ಪತ್ತು ವರ್ಷ ನೆಟ್ಟಗೆ ನಡೆದಾಡಿದ. ಸಾಬರು ನಾನು ಹೈಸ್ಕೂಲು ಮುಗಿಸುವ ತನಕ ಬಂದರು, ಒಂದು ವರ್ಷ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಕಡೂರಿನ ಕಡೆಯವರು ಎಂಬುದನ್ನು ಬಿಟ್ಟು ಅವರ ಊರಿನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ಮನೆಗೆ ಬಂದ ಮನುಷ್ಯನನ್ನು ನಿಮ್ಮೂರು ಯಾವುದು ಎಂದು ಕೇಳದ ನಮ್ಮ ಸೋಮಾರಿತನಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಕುದುರೆಮುಖದ ಗಣಿ ನಿಂತ ವರ್ಷಗಳಲ್ಲಿ ಅಲ್ಲಿಂದ ಹೊರಟವರು ಬಿಟ್ಟುಹೋದ ಮಂಚ, ಸ್ಪಂಜಿನ ಹಾಸಿಗೆಗಳು ಜೀಪುಗಟ್ಟಲೆ ಕಳಸದ ಕಡೆ ಬಂದವು. ಕೈ ಒತ್ತಿದರೆ ಮರೆತುಬಿಡುವ ಆ ಹಾಸಿಗೆಗಳು ಮನೆಮನೆಗೂ ಸೇರಿದವು. ಹತ್ತಿ ಹಿಂಜುವ ದನಿ ನಮ್ಮ ಕಡೆ ನಿಂತೇಹೋಯಿತು. ಅದನ್ನು ಕೇಳದ ಮಕ್ಕಳಿಗೆ ಬಾಯಲ್ಲಿ ಅನುಕರಿಸಿ ತೋರಿಸಲು ಹೋಗಿ ನಾನು ನಗೆಪಾಟಲಾಗಿದ್ದೇನೆ.

ಹೋದ ವರ್ಷ ನನಗೂ ಸೊಂಟನೋವು ಶುರುವಾಗಿ ಚಿಕ್ಕಮಗಳೂರಿನ ಒಂದು ದೊಡ್ಡ ಅಂಗಡಿಗೆ ಹಾಸಿಗೆ ಆರಿಸಲು ಹೋಗಿದ್ದೆ. ಹತ್ತು ವರ್ಷ ಗ್ಯಾರಂಟಿ, ಬಿಚ್ಚುವುದು ಬೇಡ, ಬಿಸಿಲಿಗೆ ಹಾಕುವುದು ಬೇಡ ಎಂದು ಅಂಗಡಿಯಾಕೆ ಚೆನ್ನಾಗಿಯೇ ವಿವರಿಸಿ, "ಮಲಗಿ ನೋಡಿ ಮೇಡಂ," ಎಂದಳು. ಚಪ್ಪಲಿ ಬಿಟ್ಟು ಮಲಗಿದೆ. ಎದ್ದ ಮೇಲೆ ಹಿಂತಿರುಗಿ ನೋಡಿದೆ, ಯಾರೂ ಮಲಗಿಯೇ ಇಲ್ಲವೇನೋ ಎನ್ನುವ ಹಾಗಿತ್ತು. ಒಳ್ಳೆಯ ಹಾಸಿಗೆ, ತೆಗೆದುಕೊಂಡೆ. ಅದರ ಮೇಲೆ ಮೊದಲ ದಿನ ಹಾಯಾಗಿ ಕಾಲು ಚಾಚಿದಾಗಲೇ ಒಂದು ಪ್ರಶ್ನೆ ಎದ್ದಿತು. ಇಷ್ಟು ವರ್ಷ ಈ ಕಥೆಯನ್ನು ಕಂಡಕಂಡವರಿಗೆಲ್ಲ ಹೇಳಿದ್ದೇನೆ, ಆ ಪ್ರಶ್ನೆ ಮಾತ್ರ ಒಮ್ಮೆಯೂ ಎದ್ದಿರಲಿಲ್ಲ. ಕೇಳೋಣವೆಂದರೆ ಅಪ್ಪ ಇಲ್ಲ, ಅಮ್ಮ ಇಲ್ಲ, ಅಜ್ಜಿಯಂತೂ ಯಾವಾಗಲೋ ಹೋದಳು. ಮೂಡಿಗೆರೆಯಲ್ಲಿ ಮಗಳ ಮನೆಯಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡಿದೆ.

"ಚಿಕ್ಕಪ್ಪ, ಅಪ್ಪ ಮಲಗಿದ್ದಾಗ ಅಮ್ಮನ ಹಾಸಿಗೆ ಬಿಚ್ಚಿದ್ರಲ್ಲ. ಆಮೇಲೆ ಅವಳಿಗೆ ಬೇರೆ ಮಾಡಿಸಿದ್ರಾ?"

"ಇಲ್ಲ ಅನ್ಸುತ್ತೆ. ಯಾಕೆ ಈಗ?"

"ಮತ್ತೆ ಅವಳು ಯಾವುದರ ಮೇಲೆ ಮಲಗ್ತಿದ್ಲು? ಎಲ್ಲಿ ಮಲಗ್ತಿದ್ಲು?"

ಅವನು ಮಗಳನ್ನು ಕೂಗಿ ಟೀವಿ ಆರಿಸಲು ಹೇಳಿದ.

"ಅತ್ತಿಗೆ ಮಲಗಿದ್ದನ್ನ ನಾನು ಯಾವತ್ತೂ ನೋಡೇ ಇಲ್ವಲ್ಲ ಮಾರಾಯ್ತಿ," ಎಂದ.

ನಾನೂ ನೋಡಿರಲಿಲ್ಲ.